ಒಂದು ಅಗುಳು, ಒಂದು ಕಲ್ಲು

ಅನ್ನ ಬೆಂದಿದೆಯೇ ಎಂದು ನೋಡುವ ಗೃಹಿಣಿ ಪಾತ್ರೆಯಲ್ಲಿರುವ ಅಷ್ಟೂ ಅನ್ನವನ್ನು ಹಿಸುಕಿ ನೋಡುವುದಿಲ್ಲ. ಒಂದು ಅಗುಳನ್ನು ಎರಡು ಬೆರಳುಗಳ ನಡುವೆ ಒತ್ತುತ್ತಾಳೆ. ಪಾತ್ರೆಯ ಸಮಾಚಾರವೆಲ್ಲ ಅವಳಿಗೆ ತಿಳಿಯುತ್ತದೆ. ನಮ್ಮ ಶಾಸ್ತ್ರಕಾರರು ಇದಕ್ಕೆ ‘ಸ್ಥಾಲೀಪುಲಾಕ ನ್ಯಾಯ’ವೆಂದು ಹೆಸರಿಟ್ಟರು. ಅಂಶದಿಂದ ಸಮಸ್ತವನ್ನು ಅರಿಯುವ ಈ ಉಪಾಯವಿಲ್ಲದೆ ಸಂಸಾರವೂ ಸಾಗದು, ವಿಜ್ಞಾನವೂ ಸಾಗದು. ಆದರೆ ಅದೇ ಅನ್ನದಲ್ಲಿ ಒಂದು ಕಲ್ಲು ಅಡಗಿದೆಯೇ ಎಂಬ ಪ್ರಶ್ನೆಗೆ ಆ ಅಗುಳು ಉತ್ತರ ಕೊಡಲಾರದು. ಬೆಂದಿರುವುದು ಇಡೀ ಪಾತ್ರೆಯ ಗುಣ. ಕಲ್ಲು ಎಲ್ಲೋ ಒಂದೆಡೆ ಕುಳಿತಿರುವ ಸಂಗತಿ. ಹಲ್ಲು ಮುರಿಯುವುದು ಈ ಎರಡನೆಯದರಿಂದ.

ಲೋಹ, ಮರ, ಗಾಜು, ಕಾಂಕ್ರೀಟು ಮೊದಲಾದ ವಸ್ತುಗಳ ಒಳರಚನೆಗೂ ಅವುಗಳ ಗುಣಕ್ಕೂ ಇರುವ ನಂಟನ್ನು ಗಣಿತದ ಮೂಲಕ, ಈಚೆಗೆ ದತ್ತಾಂಶ ವಿಜ್ಞಾನದ ಮೂಲಕ, ಹುಡುಕುವ ಒಂದು ಶಾಸ್ತ್ರ ಬೆಳೆದಿದೆ. ಅದರ ಕಥೆಯನ್ನು ಅಗುಳು ಮತ್ತು ಕಲ್ಲು ಎಂಬ ಈ ಎರಡು ಮಾತುಗಳ ನೆರವಿನಿಂದ ನಿಮ್ಮ ಮುಂದಿಡಬೇಕೆಂದಿದ್ದೇನೆ.

ಕನ್ನಡದ ಮೇಷ್ಟರು ಉಕ್ಕಿನ ವಿಷಯ ಎತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ಕೇಳುಗರಲ್ಲಿ ಕೆಲವರಿಗೆ ಅನ್ನಿಸೀತು. ಆದರೆ ಈ ಕಥೆಯ ಒಂದು ಕೊನೆ ಕನ್ನಡದ ಒಂದು ಪದಕ್ಕೇ ಕಟ್ಟಿಕೊಂಡಿದೆ. 18ನೆಯ ಶತಮಾನದ ಕೊನೆಯಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹೋದ ಉಕ್ಕಿನ ಗಟ್ಟಿಗಳನ್ನು ಅಲ್ಲಿಯವರು ‘ವೂಟ್ಸ್’ ಎಂದು ಕರೆದರು. 1795ರಲ್ಲಿ ಜಾರ್ಜ್ ಪಿಯರ್‌ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ವೂಟ್ಸನ್ನು ಕುರಿತು ಪ್ರಬಂಧವನ್ನು ಮಂಡಿಸಿದ. ‘ಉಕ್ಕು’ ಎಂಬ ನಮ್ಮ ಮಾತೇ ಪರದೇಶದ ನಾಲಗೆಯ ಮೇಲೆ ಹೀಗೆ ಮಾರ್ಪಟ್ಟಿತೆಂಬುದು ವಿದ್ವಾಂಸರಲ್ಲಿ ಬಹುಮಂದಿ ಒಪ್ಪಿರುವ ಅಭಿಪ್ರಾಯ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿ ಉಕ್ಕು ಮಾಡುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ, ಕುಲುಮೆಯಲ್ಲಿಟ್ಟು ತಿದಿಯೊತ್ತುವುದು. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣದೊಳಗೆ ಸೇರಿ ಉಕ್ಕಾಗುತ್ತಿತ್ತು.

ಈ ಉಕ್ಕಿನಿಂದ ಪಶ್ಚಿಮ ಏಷ್ಯದಲ್ಲಿ ಬಡಿದ ಖಡ್ಗಗಳ ಮೈಮೇಲೆ ನೀರಿನ ಅಲೆಗಳಂಥ ಚಿತ್ತಾರ ಮೂಡುತ್ತಿತ್ತು. ಅದರ ಗುಟ್ಟನ್ನು ಯೂರೋಪು ಹುಡುಕಿತು. ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆ 1819ರಲ್ಲಿ ವೂಟ್ಸನ್ನು ರಾಸಾಯನಿಕ ವಿಶ್ಲೇಷಣೆಗೆ ಒಳಪಡಿಸಿ, ಅದರಲ್ಲಿ ಅಲ್ಯೂಮಿನಾ ಮತ್ತು ಸಿಲಿಕಾಗಳ ಅಂಶವಿದೆಯೆಂದೂ ಗುಟ್ಟು ಅಲ್ಲಿಯೇ ಇರಬೇಕೆಂದೂ ಊಹಿಸಿದ. ಆ ಊಹೆ ನಿಲ್ಲಲಿಲ್ಲ. ಫ್ಯಾರಡೆಯಂಥ ಮೇಧಾವಿ ಕೇಳಿದ ಪ್ರಶ್ನೆ ‘ಇದರಲ್ಲಿ ಏನೇನಿದೆ?’ ಎಂಬುದು. ‘ಇರುವುದು ಹೇಗೆ ಹೊಂದಿಕೊಂಡಿದೆ?’ ಎಂಬ ಪ್ರಶ್ನೆಗೆ ಬೇಕಾದ ಕಣ್ಣು ಆ ಕಾಲಕ್ಕೆ ಇನ್ನೂ ತೆರೆದಿರಲಿಲ್ಲ.

ಎರಡು ಪ್ರಶ್ನೆಗಳ ಅಂತರವನ್ನು ಹಳ್ಳಿಯ ಕುಲುಮೆಯಲ್ಲೇ ಕಾಣಬಹುದು. ಒಂದೇ ಉಕ್ಕಿನ ಎರಡು ತುಂಡುಗಳನ್ನು ಕೆಂಪಗೆ ಕಾಯಿಸಿ, ಒಂದನ್ನು ನೀರಿಗೆ ಅದ್ದಿ, ಇನ್ನೊಂದನ್ನು ಬೂದಿಯಲ್ಲಿ ಹುಗಿದು ನಿಧಾನವಾಗಿ ಆರಲು ಬಿಡಿ. ಮೊದಲನೆಯದು ಅರದ ಹಲ್ಲಿಗೂ ಬಗ್ಗದಷ್ಟು ಗಡುಸು, ಆದರೆ ಬಡಿದರೆ ಗಾಜಿನಂತೆ ಸಿಡಿದೀತು. ಎರಡನೆಯದು ಮೆದು, ಬಾಗುತ್ತದೆ. ತಕ್ಕಡಿಯಲ್ಲಿಟ್ಟು ತೂಗಿದರೂ, ಆಮ್ಲದಲ್ಲಿ ಕರಗಿಸಿ ಲೆಕ್ಕ ಹಾಕಿದರೂ, ಎರಡರಲ್ಲಿರುವ ಕಬ್ಬಿಣ ಇಂಗಾಲಗಳು ಅಷ್ಟಷ್ಟೇ. ಬದಲಾದದ್ದು ಒಳಗಿನ ವಿನ್ಯಾಸ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊಸತೇನೂ ಅಲ್ಲ. ನಿಘಂಟಿನಲ್ಲಿರುವ ಪದಗಳು ಎಲ್ಲರಿಗೂ ಅವೇ. ಕಾವ್ಯವಾಗುವುದೂ ಸುದ್ದಿಯಾಗುವುದೂ ಅವು ಕೂಡಿಕೊಳ್ಳುವ ಬಗೆಯಿಂದ.

ಆ ವಿನ್ಯಾಸವನ್ನು ಕಣ್ಣಾರೆ ಕಂಡವನು ಇಂಗ್ಲೆಂಡಿನ ಶೆಫೀಲ್ಡ್ ನಗರದ ಹೆನ್ರಿ ಕ್ಲಿಫ್ಟನ್ ಸಾರ್ಬಿ. ಕಲ್ಲುಗಳನ್ನು ಕಾಗದದಷ್ಟು ತೆಳ್ಳಗೆ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ರೂಢಿಸಿಕೊಂಡಿದ್ದ ಆತ, 1863ರ ಸುಮಾರಿಗೆ ಉಕ್ಕಿನ ತುಂಡೊಂದನ್ನು ಕನ್ನಡಿಯಂತೆ ನಯಗೊಳಿಸಿ, ಸ್ವಲ್ಪ ಆಮ್ಲ ಸವರಿ, ಬೆಳಕು ಬೀಳಿಸಿ ನೋಡಿದ. ಏಕರೂಪವಾಗಿ ಕಾಣುವ ಉಕ್ಕು ಒಳಗೆ ಹೊಲಗದ್ದೆಗಳ ನಕ್ಷೆಯಂತಿತ್ತು: ಬದುಗಳಿಂದ ಬೇರ್ಪಟ್ಟ ಹರಳುಗಳು, ಕೆಲವೆಡೆ ಮುತ್ತಿನ ಹೊಳಪಿನ ನುಣ್ಣನೆಯ ಪದರಗಳು. ಪದರಗಳ ಆ ಅಂಶಕ್ಕೆ ಇಂದಿಗೂ ಮುತ್ತಿನಿಂದ ಬಂದ ‘ಪರ್ಲೈಟ್’ ಎಂಬ ಹೆಸರೇ ನಿಂತಿದೆ.

ಕಂಡದ್ದಾಯಿತು, ಇನ್ನು ಅಳೆಯಬೇಕು. ಇಲ್ಲೊಂದು ತೊಡಕಿದೆ. ಕಾಣುವುದು ಕತ್ತರಿಸಿದ ಒಂದು ಮೈ ಮಾತ್ರ. ತಿಳಿಯಬೇಕಾದದ್ದು ಇಡೀ ಗಟ್ಟಿಯ ಒಡಲು. ಈ ತೊಡಕನ್ನು ಬಿಡಿಸಿದವನು ಸಾರ್ಬಿಗಿಂತ ಮೊದಲೇ, ಬಂಡೆಗಳನ್ನು ಅಭ್ಯಸಿಸುತ್ತಿದ್ದ ಫ್ರಾನ್ಸಿನ ಭೂವಿಜ್ಞಾನಿ ದೆಲೆಸ್. 1847ರಲ್ಲಿ ಆತ ತೋರಿಸಿಕೊಟ್ಟ ತತ್ತ್ವ ಇಷ್ಟು: ಕತ್ತರಿಸಿದ ಮೈಯಲ್ಲಿ ಒಂದು ಖನಿಜ ಎಷ್ಟು ಪಾಲು ಜಾಗವನ್ನು ಆಕ್ರಮಿಸಿದೆಯೋ, ಸರಾಸರಿಯಲ್ಲಿ ಬಂಡೆಯ ಗಾತ್ರದಲ್ಲಿಯೂ ಅದರ ಪಾಲು ಅಷ್ಟೇ. ಗೋಡಂಬಿ ಹಾಕಿದ ಹಲ್ವದ ತಟ್ಟೆಯಲ್ಲಿ ಚಾಕು ಎಳೆದಾಗ ಕಾಣುವ ಗೋಡಂಬಿಯ ಅಂಶದಿಂದ ಇಡೀ ತಟ್ಟೆಯ ಗೋಡಂಬಿಯನ್ನು ಅಂದಾಜು ಮಾಡಿದಂತೆ. ದೆಲೆಸ್ ಖನಿಜಗಳ ಗೆರೆಗಳನ್ನು ಕಾಗದದ ಮೇಲೆ ತೆಗೆದು, ತವರದ ತಗಡಿಗೆ ಅಂಟಿಸಿ, ಕತ್ತರಿಸಿ ತೂಗುತ್ತಿದ್ದ. ಮುಂದೆ 1898ರಲ್ಲಿ ಆಸ್ಟ್ರಿಯದ ರೊಸಿವಾಲ್, ತೂಗುವುದೂ ಬೇಡ, ಮೈಮೇಲೆ ಗೆರೆ ಎಳೆದು ಅದರ ಉದ್ದವನ್ನು ಅಳೆದರೆ ಸಾಕೆಂದ. ಆಮೇಲೆ ಬಂದವರು ಗೆರೆಯೂ ಬೇಡ, ಚುಕ್ಕಿಗಳನ್ನಿಟ್ಟು ಎಷ್ಟು ಚುಕ್ಕಿ ಯಾವುದರ ಮೇಲೆ ಬಿದ್ದವೆಂದು ಎಣಿಸಿದರೆ ಸಾಕೆಂದರು. ಗಾತ್ರದಿಂದ ಮೈಗೆ, ಮೈಯಿಂದ ಗೆರೆಗೆ, ಗೆರೆಯಿಂದ ಚುಕ್ಕಿಗೆ ಇಳಿದ ಈ ಸರಳತೆ ಮನಸ್ಸನ್ನು ಸೆಳೆಯುವಂಥದು. ಸ್ಥಾಲೀಪುಲಾಕ ನ್ಯಾಯಕ್ಕೆ ಇದಕ್ಕಿಂತ ಶುದ್ಧವಾದ ಗಣಿತರೂಪ ನಾನು ಕಾಣೆ.

ಹೀಗೆ ಅಳೆದ ಅಂಕಿಗಳು ಗುಣದೊಡನೆ ಮಾತನಾಡತೊಡಗಿದವು. 1951ರಲ್ಲಿ ಹಾಲ್, 1953ರಲ್ಲಿ ಪೆಚ್ ಎಂಬ ಇಬ್ಬರು ಮೆದು ಉಕ್ಕಿನ ಮೇಲೆ ಪ್ರಯೋಗ ಮಾಡಿ, ಹರಳುಗಳು ಕಿರಿದಾದಷ್ಟೂ ಉಕ್ಕು ಬಲವಾಗುತ್ತದೆಂಬುದನ್ನು ಸೂತ್ರವಾಗಿ ಕಟ್ಟಿದರು. ಹರಳಿನ ಅಡ್ಡಳತೆ ಕಾಲುಭಾಗಕ್ಕೆ ಇಳಿದರೆ, ಹರಳಿನ ಮೇರೆಗಳಿಂದ ಬರುವ ಬಲದ ಪಾಲು ಎರಡರಷ್ಟಾಗುತ್ತದೆ. ಬದುಗಳು ಹೆಚ್ಚಿದಷ್ಟೂ ಹರಿವಿಗೆ ತಡೆ ಹೆಚ್ಚು ಎಂಬ ರೈತನ ಅರಿವು ಇಲ್ಲಿಯೂ ಸಲ್ಲುತ್ತದೆ: ಲೋಹ ಬಾಗುವಾಗ ಅದರೊಳಗೆ ಸರಿದಾಡುವ ದೋಷಗಳನ್ನು ಈ ಮೇರೆಗಳು ತಡೆದು ನಿಲ್ಲಿಸುತ್ತವೆ.

ಆದರೆ ಎಷ್ಟಿದೆ, ಎಷ್ಟು ದಪ್ಪವಿದೆ ಎಂಬ ಎರಡು ಅಂಕಿಗಳಿಂದ ವಿನ್ಯಾಸ ಮುಗಿಯುವುದಿಲ್ಲ. ಬಿದಿರನ್ನೇ ನೋಡಿ. ಉದ್ದಕ್ಕೆ ಹಿಡಿದೆಳೆದರೆ ಆನೆಯ ಬಲ. ನಾರಿನ ಜಾಡು ಹಿಡಿದು ಕತ್ತಿಯಿಟ್ಟರೆ ಸರ್ರನೆ ಸೀಳುತ್ತದೆ. ನಾರಿನ ಪಾಲು ಎರಡು ಸಂದರ್ಭದಲ್ಲಿಯೂ ಒಂದೇ, ದಿಕ್ಕು ಬೇರೆ. ಗಟ್ಟಿ ಮತ್ತು ಮೆದು ಎಂಬ ಎರಡು ಪದಾರ್ಥಗಳ ಪದರಗಳನ್ನು ಉದ್ದಕ್ಕೆ ಎಳೆದಾಗ ಬರುವ ಬಿಗುವಿಗೆ 1889ರಲ್ಲಿ ಫೋಯ್ಕ್ಟ್ ಹಾಕಿಕೊಟ್ಟ ಲೆಕ್ಕದ ರೀತಿ ಹೊಂದುತ್ತದೆ; ಅಡ್ಡಕ್ಕೆ ಎಳೆದಾಗ ಬರುವುದಕ್ಕೆ 1929ರಲ್ಲಿ ರಾಯ್ಸ್ ಹೇಳಿದ ರೀತಿ ಹೊಂದುತ್ತದೆ. ಇವೆರಡೂ ಮೇಲಿನ ಮತ್ತು ಕೆಳಗಿನ ಗಡಿಗಳು. 1963ರಲ್ಲಿ ಹಾಶಿನ್ ಮತ್ತು ಶ್ಟ್ರಿಕ್‌ಮನ್ ಎಂಬವರು, ವಿನ್ಯಾಸ ಎಲ್ಲ ದಿಕ್ಕಿಗೂ ಸಮನಾಗಿದೆಯೆಂಬ ಷರತ್ತಿನ ಮೇಲೆ, ಈ ಗಡಿಗಳನ್ನು ಇನ್ನಷ್ಟು ಹತ್ತಿರಕ್ಕೆ ತಂದರು. ಇಲ್ಲಿ ಗಣಿತದ ಒಂದು ಪ್ರಾಮಾಣಿಕತೆಯನ್ನು ಗಮನಿಸಬೇಕು. ‘ನೀನು ನನಗೆ ಪ್ರಮಾಣವನ್ನಷ್ಟೇ ಹೇಳಿದ್ದೀಯೆ, ಉತ್ತರ ಈ ಎರಡು ಗಡಿಗಳ ನಡುವೆ ಎಲ್ಲೋ ಇದೆ, ಇನ್ನೂ ಖಚಿತವಾಗಿ ಬೇಕಾದರೆ ವಿನ್ಯಾಸವನ್ನು ಕುರಿತು ಇನ್ನಷ್ಟು ಹೇಳು’ ಎನ್ನುತ್ತದೆ ಅದು.

ಇನ್ನಷ್ಟು ಹೇಳುವುದು ಹೇಗೆ? ಉಕ್ಕಿನ ಚಿತ್ರವೊಂದರಲ್ಲಿ ಕಪ್ಪು ಬಿಳುಪು ಎರಡೇ ಬಣ್ಣಗಳಿವೆಯೆನ್ನಿ. ಗೊತ್ತಾದ ಉದ್ದದ ಒಂದು ಕಡ್ಡಿಯನ್ನು ಆ ಚಿತ್ರದ ಮೇಲೆ ಕಣ್ಣುಮುಚ್ಚಿ ಸಾವಿರ ಸಲ ಎಸೆಯಿರಿ; ಎರಡು ತುದಿಗಳೂ ಕಪ್ಪಿನ ಮೇಲೆ ಬಿದ್ದದ್ದು ಎಷ್ಟು ಸಲವೆಂದು ಎಣಿಸಿ. ಕಡ್ಡಿಯ ಉದ್ದವನ್ನೂ ದಿಕ್ಕನ್ನೂ ಬದಲಿಸುತ್ತ ಎಣಿಕೆಯನ್ನು ಮುಂದುವರಿಸಿ. ಕಪ್ಪು ಚುಕ್ಕೆಗಳು ಗುಂಪು ಗುಂಪಾಗಿದ್ದರೆ ಒಂದು ತೆರನ ಉತ್ತರ, ಸಾಲು ಹಿಡಿದಿದ್ದರೆ ಇನ್ನೊಂದು ತೆರನ ಉತ್ತರ. ಒಂದು ಪದದ ಪಕ್ಕದಲ್ಲಿ, ಎರಡು ಪದಗಳಾಚೆ, ಮೂರು ಪದಗಳಾಚೆ ಯಾವ ಪದ ಬರುತ್ತದೆಂದು ಕೋಷ್ಟಕ ಮಾಡಿ ಕವಿಯ ಶೈಲಿಯನ್ನು ಗುರುತಿಸುವ ವಿಧಾನವುಂಟಷ್ಟೆ. ಇದೂ ಅದರ ಸಂಬಂಧಿಯೇ.

ಹೀಗೆ ಎಣಿಸಿದರೆ ಒಂದೊಂದು ಚಿತ್ರಕ್ಕೂ ಸಾವಿರಗಟ್ಟಲೆ ಅಂಕಿಗಳು ರಾಶಿ ಬೀಳುತ್ತವೆ. ದತ್ತಾಂಶ ವಿಜ್ಞಾನ ಇಲ್ಲಿ ಪ್ರವೇಶಿಸುತ್ತದೆ. ದೀಪದ ಮುಂದೆ ಅಂಗೈಯನ್ನು ಹಿಡಿಯಿರಿ. ಓರೆಯಾಗಿ ಹಿಡಿದರೆ ಗೋಡೆಯ ಮೇಲೆ ಒಂದು ಕೋಲಿನ ನೆರಳು. ಎದುರಿಗೆ ಹಿಡಿದರೆ ಐದು ಬೆರಳುಗಳ ನೆರಳು. ಯಾವ ಬದಿಯಿಂದ ಬೆಳಕು ಬಿಟ್ಟರೆ ನಮೂನೆಗಳ ನಡುವಣ ವ್ಯತ್ಯಾಸ ಹೆಚ್ಚಾಗಿ ಹರಡಿ ಕಾಣುತ್ತದೋ ಆ ಬದಿಯನ್ನು ಆರಿಸಿಕೊಡುವ ಗಣಿತವನ್ನು 1901ರಲ್ಲಿ ಕಾರ್ಲ್ ಪಿಯರ್‌ಸನ್ ಹಾಕಿಕೊಟ್ಟ, 1933ರಲ್ಲಿ ಹೊಟೆಲಿಂಗ್ ಬೆಳೆಸಿದ. ಇದರ ಬಳಕೆಯನ್ನೂ ಅರ್ಥವನ್ನೂ 1964ರ ಪ್ರಬಂಧವೊಂದರಲ್ಲಿ ವಿಸ್ತರಿಸಿದವರು ಸಿ. ಆರ್. ರಾವ್, ಅವರು 1920ರಲ್ಲಿ ಹುಟ್ಟಿದ ಊರು ನಮ್ಮ ಹೂವಿನ ಹಡಗಲಿ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಸೂರ್ಯ ಕಾಲಿದಿಂಡಿ ಮತ್ತು ಅವರ ಸಂಗಡಿಗರು ಈ ವಿಧಾನವನ್ನು ಲೋಹಗಳ ಒಳಚಿತ್ರಗಳಿಗೆ ಅನ್ವಯಿಸಿದರು. ಸಾವಿರಾರು ಅಂಕಿಗಳನ್ನು ಕೆಲವೇ ಅಂಕಿಗಳಿಗೆ ಇಳಿಸಿ, ಆ ಕೆಲವು ಅಂಕಿಗಳಿಂದ ವಸ್ತುವಿನ ಬಿಗುವನ್ನೂ ಬಲವನ್ನೂ ಮುಂಗಾಣಬಹುದೆಂದು ತೋರಿಸಿದರು. ವರ್ಷಗಟ್ಟಲೆ ಕರಗಿಸಿ, ಬಡಿದು, ಎಳೆದು ನೋಡಬೇಕಾಗಿದ್ದ ಕೆಲಸದ ಒಂದು ಪಾಲನ್ನು ಲೆಕ್ಕವೇ ಮಾಡುತ್ತದೆ. ಹೊಸ ವಸ್ತುಗಳನ್ನು ಅರ್ಧ ಕಾಲದಲ್ಲಿ ಸಿದ್ಧಪಡಿಸಬೇಕೆಂಬ ಗುರಿಯಿಂದ 2011ರಲ್ಲಿ ಅಮೆರಿಕ ಸರ್ಕಾರ ದೊಡ್ಡ ಯೋಜನೆಯೊಂದನ್ನೇ ಹೂಡಿತು.

ಇನ್ನೂ ಬೆರಗಿನ ಸಂಗತಿಯೊಂದಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಅತಿ ಹೆಚ್ಚು ಇಂಗಾಲವುಳ್ಳ ಉಕ್ಕಿನ 961 ಸೂಕ್ಷ್ಮಚಿತ್ರಗಳ ಭಂಡಾರವನ್ನು ಪ್ರಕಟಿಸಿದರು. ನಮ್ಮ ವೂಟ್ಸ್ ಕೂಡ ಇದೇ ಕುಲದ ಉಕ್ಕು. ಆ ಚಿತ್ರಗಳನ್ನು ಓದಲು ಅವರು ಬಳಸಿದ ಗಣಕಯಂತ್ರದ ಜಾಲ ಅದಕ್ಕೆ ಮುನ್ನ ಉಕ್ಕನ್ನು ಕಂಡದ್ದೇ ಅಲ್ಲ. ನಾಯಿ, ಬೆಕ್ಕು, ಬಂಡಿ, ಹೂವುಗಳ ಲಕ್ಷಾಂತರ ಛಾಯಾಚಿತ್ರಗಳಿಂದ ಪಾಠ ಕಲಿತದ್ದು. ಅಂಚು, ನೇಯ್ಗೆ, ಸಾಲು, ಗುಂಪು ಇವುಗಳನ್ನು ಬೇರೆಡೆ ಗುರುತಿಸಲು ಕಲಿತ ಕಣ್ಣು ಉಕ್ಕಿನಲ್ಲಿಯೂ ಅವನ್ನು ಗುರುತಿಸಿತು, ಬೇರೆ ಬೇರೆ ಹದದ ಉಕ್ಕುಗಳನ್ನು ವಿಂಗಡಿಸಿಕೊಟ್ಟಿತು.

ಇಲ್ಲಿಯವರೆಗಿನದು ಅಗುಳಿನ ಕಥೆ. ಇನ್ನು ಕಲ್ಲಿನ ಕಥೆ.

1989ರ ಜುಲೈ 19ರಂದು ಅಮೆರಿಕದ ಡೆನ್ವರಿನಿಂದ ಷಿಕಾಗೋವಿಗೆ ಹೊರಟಿದ್ದ ಡಿಸಿ-10 ವಿಮಾನದ ಬಾಲದಲ್ಲಿದ್ದ ಎಂಜಿನಿನೊಳಗೆ, ಫ್ಯಾನನ್ನು ಹೊತ್ತು ತಿರುಗುವ ಟೈಟೇನಿಯಂ ಚಕ್ರವೊಂದು ಸಿಡಿದು ಚೂರಾಯಿತು. ಚೂರುಗಳು ವಿಮಾನವನ್ನು ನಿಯಂತ್ರಿಸುವ ಮೂರು ದ್ರವವ್ಯವಸ್ಥೆಗಳನ್ನೂ ಕೆಡಿಸಿದವು. ಚಾಲಕರು ಉಳಿದೆರಡು ಎಂಜಿನುಗಳ ವೇಗವನ್ನಷ್ಟೇ ಹೆಚ್ಚು ಕಡಿಮೆ ಮಾಡುತ್ತ ಸೂ ಸಿಟಿ ಎಂಬ ಊರಿನವರೆಗೆ ಅದನ್ನು ತಂದದ್ದು ಒಂದು ಸಾಹಸ. ಆದರೂ ಇಳಿಯುವಾಗ ವಿಮಾನ ಒಡೆಯಿತು. ಒಳಗಿದ್ದ 296 ಮಂದಿಯಲ್ಲಿ ನೂರಹತ್ತಕ್ಕೂ ಮಿಕ್ಕಿ ಜನ ಸತ್ತರು.

ಸುಮಾರು 80 ಸೆಂಟಿಮೀಟರ್ ಅಗಲದ ಆ ಚಕ್ರವನ್ನು ಹೊಲಗಳಿಂದ ಹೆಕ್ಕಿ ತಂದು ಪರೀಕ್ಷಿಸಿದಾಗ ಬಿರುಕಿನ ಮೂಲ ಸಿಕ್ಕಿತು. ಲೋಹವನ್ನು ಕರಗಿಸುವಾಗ ಎಲ್ಲೋ ಒಂದು ಕಡೆ ಸಾರಜನಕ ಹೆಚ್ಚಾಗಿ ಸೇರಿ, ಸುತ್ತಣ ಲೋಹಕ್ಕಿಂತ ಗಡುಸಾದ, ಸುಲಭವಾಗಿ ಒಡೆಯುವ ಕಣವೊಂದು ಉಳಿದಿತ್ತು. ಅದು ಉದುರಿ ಉಳಿದ ಕುಳಿ ಒಂದೂವರೆ ಮಿಲಿಮೀಟರಿಗಿಂತ ಕಿರಿದು. ಆ ಕುಳಿಯಿಂದ ಹೊರಟ ಬಿರುಕು ಒಂದೊಂದು ಹಾರಾಟಕ್ಕೂ ಕೂದಲೆಳೆಯಷ್ಟೂ ಅಲ್ಲದ ಪ್ರಮಾಣದಲ್ಲಿ ಬೆಳೆಯುತ್ತ ಹೋಗಿ, ಹದಿನೇಳು ವರ್ಷಗಳ ಮೇಲೆ ಚಕ್ರವನ್ನು ಸೀಳಿತು. ಇದ್ದ ಬಿರುಕು ಅದಕ್ಕೆ ಹಿಂದಿನ ತಪಾಸಣೆಯಲ್ಲಿ ಕಣ್ಣಿಗೆ ಬೀಳದೆ ಹೋಯಿತೆಂದು ತನಿಖಾ ವರದಿ ಹೇಳಿತು.

ಆ ಚಕ್ರದ ಸರಾಸರಿ ಗುಣ ಯಾವ ಕೊರತೆಯೂ ಇಲ್ಲದ್ದು. ಬೇರೆ ಯಾವ ಭಾಗವನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರೂ ಒಳ್ಳೆಯ ಟೈಟೇನಿಯಂ ಎಂದೇ ತೀರ್ಪು ಬರುತ್ತಿತ್ತು. ಬಿಗುವು, ಶಾಖವನ್ನು ಸಾಗಿಸುವ ಶಕ್ತಿ ಮುಂತಾದವು ಇಡೀ ವಸ್ತುವಿನ ಒಟ್ಟು ಅಭಿಪ್ರಾಯದಂತೆ. ಅಲ್ಲಿ ಒಂದು ಕೆಟ್ಟ ಕಣದ ಮಾತು ನಡೆಯುವುದಿಲ್ಲ. ಮುರಿಯುವಿಕೆ ಹಾಗಲ್ಲ, ಅದನ್ನು ನಿರ್ಧರಿಸುವುದು ಅತ್ಯಂತ ದುರ್ಬಲವಾದ ಒಂದು ಜಾಗ. 1939ರಲ್ಲಿ ಸ್ವೀಡನ್ನಿನ ವೈಬುಲ್ ಇದನ್ನು ಸರಪಳಿಯ ದೃಷ್ಟಾಂತದಿಂದ ಗಣಿತಕ್ಕೆ ತಂದ: ಸರಪಳಿಯ ಬಲ ಅದರ ಕೊಂಡಿಗಳ ಸರಾಸರಿ ಬಲವಲ್ಲ, ಅತಿ ದುರ್ಬಲ ಕೊಂಡಿಯ ಬಲ, ಸರಪಳಿ ಉದ್ದವಾದಷ್ಟೂ ಅಂಥ ಕೊಂಡಿ ಇರುವ ಸಂಭವ ಹೆಚ್ಚು.

ಈಗ ದೀಪ ಮತ್ತು ನೆರಳಿನ ಮಾತಿಗೆ ಮರಳೋಣ. ಹೆಚ್ಚು ಹರಡಿ ಕಾಣುವುದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕೈಬಿಡುವುದೇ ಆ ವಿಧಾನದ ಜೀವಾಳವಾದರೆ, ಲಕ್ಷಕ್ಕೊಂದು ಎಂಬಂತಿರುವ ಕಣ ಯಾವ ಗುಂಪಿಗೆ ಸೇರುತ್ತದೆ? ಕೈಬಿಟ್ಟ ಗುಂಪಿಗೆ. ಅದು ಹರಹಿಗೆ ಸೇರಿಸುವುದು ಅತ್ಯಲ್ಪ; ಲೆಕ್ಕಿಗನ ಭಾಷೆಯಲ್ಲಿ ಅದು ಬರಿಯ ಗದ್ದಲ. ಅಲ್ಲದೆ ಯಂತ್ರಕ್ಕೆ ಪಾಠ ಹೇಳುವ ಚಿತ್ರಗಳೆಲ್ಲಿಂದ ಬರುತ್ತವೆ? ಪ್ರಬಂಧಗಳಲ್ಲಿ ಅಚ್ಚಾಗುವುದು ‘ಪ್ರಾತಿನಿಧಿಕ’ ಎಂದು ಆರಿಸಿದ, ಕಣ್ಣಿಗೆ ಹಿತವಾದ ಚಿತ್ರ. ವಿಕಾರವಾಗಿ ಬಂದದ್ದು, ಒಡೆದ ತುಂಡಿನದು, ಪ್ರಯೋಗ ಕೆಟ್ಟ ದಿನದ್ದು ಪೆಟ್ಟಿಗೆಯ ತಳ ಸೇರುತ್ತವೆ. ಕಲ್ಲನ್ನೇ ಕಾಣದೆ ಬೆಳೆದ ಯಂತ್ರ ಕಲ್ಲನ್ನು ಹೇಗೆ ಗುರುತಿಸೀತು?

ಇದಕ್ಕೆ ಗಣಿತವನ್ನು ಬಯ್ದು ಪ್ರಯೋಜನವಿಲ್ಲ. ಸಾಹಿತ್ಯವಲಯದಲ್ಲಿ, ಅಂಕಿಗಳು ವಿಶೇಷವನ್ನು ಕೊಲ್ಲುತ್ತವೆಂದು ನಿಟ್ಟುಸಿರಿಡುವ ವಾಡಿಕೆಯಿದೆ. ಅದನ್ನು ನಾನು ಒಪ್ಪುವುದಿಲ್ಲ. ಅಪವಾದಕ್ಕೂ ಒಂದು ಗಣಿತವುಂಟು. ಜಪಾನಿನ ಕ್ಯೂಷು ವಿಶ್ವವಿದ್ಯಾಲಯದ ಮುರಕಾಮಿ ಉಕ್ಕಿನೊಳಗಣ ಕಶ್ಮಲಗಳನ್ನು ಅಳೆಯಲು ಒಂದು ದಾರಿಯನ್ನು ರೂಢಿಗೆ ತಂದರು. ಉಕ್ಕಿನ ಹಲವು ಜಾಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಒಂದೊಂದರಲ್ಲಿಯೂ ಸರಾಸರಿ ತೆಗೆಯದೆ, ಕಂಡ ಕಶ್ಮಲಗಳಲ್ಲಿ ಅತಿ ದೊಡ್ಡದೊಂದನ್ನು ಮಾತ್ರ ಬರೆದುಕೊಳ್ಳುವುದು. ಆ ಪಟ್ಟಿಯಿಂದ, ಇಡೀ ಗಟ್ಟಿಯಲ್ಲಿ ಅಡಗಿರಬಹುದಾದ ಅತಿ ದೊಡ್ಡ ಕಶ್ಮಲ ಎಷ್ಟಿದ್ದೀತೆಂದು ಊಹಿಸುವುದು. ಅಕ್ಕಿಯ ಮುಷ್ಟಿ ಮುಷ್ಟಿಯಿಂದ ಒಂದೊಂದು ದೊಡ್ಡ ಕಲ್ಲನ್ನು ಬೇರೆಯಿಟ್ಟು, ಮೂಟೆಯ ಕಲ್ಲಿನ ಗಾತ್ರವನ್ನು ಅಂದಾಜು ಮಾಡಿದ ಹಾಗೆ. ಸೂ ಸಿಟಿಯ ದುರಂತದ ತರುವಾಯ ಅಮೆರಿಕದ ವಿಮಾನಯಾನ ಆಡಳಿತ 2001ರಲ್ಲಿ ಹೊರಡಿಸಿದ ಮಾರ್ಗದರ್ಶಿಯೂ ಇದೇ ಜಾಡಿನದು. ಅಂಥ ಕಣ ಇರುವ ಸಂಭವವೆಷ್ಟು, ಚಕ್ರದ ಯಾವ ಜಾಗದಲ್ಲಿದ್ದರೆ ಅಪಾಯ, ತಪಾಸಣೆಯಲ್ಲಿ ಅದು ಕಣ್ಣಿಗೆ ಬೀಳುವ ಸಂಭವವೆಷ್ಟು, ಇವೆಲ್ಲವನ್ನೂ ಕೂಡಿಸಿ ಎಂಜಿನ್ ತಯಾರಕರು ಲೆಕ್ಕ ಮಾಡಬೇಕೆಂಬ ಕ್ರಮ ಬಂದಿತು. ಮನುಷ್ಯನ ಕಣ್ಣು ತಪ್ಪೀತು ಎಂಬುದನ್ನೂ ಲೆಕ್ಕದೊಳಗೆ ಸೇರಿಸಿದ್ದು ಅದರ ವಿವೇಕ.

ವೂಟ್ಸಿನ ಗುಟ್ಟು ಬಿಚ್ಚಿಕೊಂಡದ್ದೂ ಒಂದು ಅಲ್ಪಾಂಶದಿಂದಲೇ. 1990ರ ದಶಕದಲ್ಲಿ ಲೋಹವಿಜ್ಞಾನಿ ಜಾನ್ ವೆರ್‌ಹೋವೆನ್ ಮತ್ತು ಕತ್ತಿ ಬಡಿಯುವ ಕಸುಬಿನ ಆಲ್‌ಫ್ರೆಡ್ ಪೆಂಡ್ರೆ ಜೊತೆಗೂಡಿ ಅಲೆಯ ಚಿತ್ತಾರದ ಕತ್ತಿಗಳನ್ನು ಮತ್ತೆ ಮಾಡಿದರು. ಹತ್ತು ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ ಇರುವ ವೆನೇಡಿಯಂನಂಥ ಬೆರಕೆಗಳು, ಗಟ್ಟಿ ಆರುವಾಗ ಹರಳುಗಳ ಸಂದಿಗಳಲ್ಲಿ ಸೇರಿಕೊಂಡು, ಮತ್ತೆ ಮತ್ತೆ ಕಾಯಿಸಿ ಬಡಿದಂತೆ ಕಾರ್ಬೈಡ್ ಕಣಗಳನ್ನು ಸಾಲುಗಟ್ಟಿಸುತ್ತವೆಂದು ಅವರು ಕಂಡರು. ಸರಾಸರಿಯ ಪಟ್ಟಿಯಲ್ಲಿ ಸೊನ್ನೆಯೆಂದು ಬಿಟ್ಟುಬಿಡಬಹುದಾದಷ್ಟು ಕಡಿಮೆಯ ಒಂದು ಅಂಶ, ಕೂತ ಜಾಗದ ಬಲದಿಂದ ಇಡೀ ಕತ್ತಿಯ ಮೈಯನ್ನು ಬರೆದಿತ್ತು. ಫ್ಯಾರಡೆಯ ‘ಏನಿದೆ’ ಎಂಬ ಪ್ರಶ್ನೆಯೂ ಸಾರ್ಬಿಯ ‘ಹೇಗಿದೆ’ ಎಂಬ ಪ್ರಶ್ನೆಯೂ ಇಲ್ಲಿ ಒಂದಾದವು.

ಹಳಗನ್ನಡ ಕೃತಿಗಳನ್ನು ಓಲೆಗರಿಗಳಿಂದ ಸಂಪಾದಿಸುವವರಿಗೆ ಈ ಎಚ್ಚರ ಮೊದಲಿನಿಂದಲೂ ಇದೆ. ಹತ್ತು ಪ್ರತಿಗಳಲ್ಲಿ ಒಂಬತ್ತು ಒಂದು ಪಾಠವನ್ನು ಕೊಟ್ಟು, ಒಂದೇ ಒಂದು ಪ್ರತಿ ಬೇರೆ ಪಾಠವನ್ನು ಕೊಟ್ಟರೆ, ಒಳ್ಳೆಯ ಸಂಪಾದಕ ತಲೆಯೆಣಿಸಿ ತೀರ್ಮಾನಿಸುವುದಿಲ್ಲ. ಒಂಬತ್ತೂ ಒಂದೇ ತಪ್ಪಿನ ಮಕ್ಕಳಾಗಿರಬಹುದು. ವಿಚಿತ್ರವೆಂದು ತೋರುವ ಆ ಒಂಟಿ ಪಾಠವೇ ಕವಿಯ ಮಾತಾಗಿರಬಹುದು. ಅಥವಾ ಅದು ಬರಿಯ ಕೈತಪ್ಪೂ ಆಗಿರಬಹುದು. ಆದ್ದರಿಂದ ಆತ ಅದನ್ನು ಅಳಿಸುವುದಿಲ್ಲ. ಪುಟದ ಕೆಳಗೆ ಪಾಠಾಂತರವಾಗಿ ಕೊಟ್ಟು, ಅದು ಯಾವ ಪ್ರತಿಯದೆಂದೂ ಹೇಳುತ್ತಾನೆ. ಮುಂದೆ ಬರುವವನು ಅದನ್ನು ನೋಡಿ ಬೇರೆ ತೀರ್ಮಾನಕ್ಕೆ ಬರುವ ದಾರಿ ತೆರೆದಿರುತ್ತದೆ.

ಲೋಹಗಳ ಚಿತ್ರಭಂಡಾರಗಳು ಈಗ ಲೋಕದಲ್ಲೆಲ್ಲ ಕಟ್ಟಲ್ಪಡುತ್ತಿವೆ. ನಮ್ಮ ವಿದ್ಯಾಸಂಸ್ಥೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಈ ಕೆಲಸ ಮಾಡುವ ತರುಣರು ಈ ಮಾತನ್ನು ಕೇಳುತ್ತಿದ್ದರೆ ಅವರಲ್ಲಿ ನನ್ನ ಅರಿಕೆ ಇಷ್ಟೆ. ಕೆಟ್ಟು ಹೋದ ತುಂಡಿನ ಚಿತ್ರವನ್ನೂ ಇಟ್ಟುಕೊಳ್ಳಿ. ಅದು ಯಾವ ಗಟ್ಟಿಯ ಯಾವ ಮೂಲೆಯದು, ಯಾವ ಹದದ್ದು, ಹೇಗೆ ಮುರಿಯಿತು ಎಂಬುದನ್ನು ಅದರ ಕೆಳಗೆ ಬರೆದಿಡಿ. ಮೂಸೆಯಲ್ಲಿ ಉಕ್ಕು ಮಾಡುತ್ತಿದ್ದ ನಮ್ಮ ಕಮ್ಮಾರರಿಗೆ ಯಾವ ಮೂಸೆ ಏಕೆ ಕೆಟ್ಟಿತೆಂಬುದು ಖಂಡಿತ ಗೊತ್ತಿದ್ದಿರಬೇಕು. ಅವರ ಗಟ್ಟಿಗಳು ಲಂಡನ್ನಿಗೆ ಹೋದವು. ಆ ತಿಳಿವಳಿಕೆ ಹೋಗಲಿಲ್ಲ, ಇಲ್ಲಿಯೂ ಉಳಿಯಲಿಲ್ಲ. ಕುಲುಮೆಗಳು ಆರಿದಾಗ ಅದೂ ಅವುಗಳೊಡನೆ ಆರಿತು. ನಮ್ಮ ಕೈಯಲ್ಲಿ ಈಗ ಎಲ್ಲವನ್ನೂ ಬರೆದಿಡುವ ಯಂತ್ರಗಳಿವೆ. ಇದ್ದೂ ಸೊಗಸಾದದ್ದನ್ನು ಮಾತ್ರ ಬರೆದಿಟ್ಟರೆ, ಅದರ ಬೆಲೆಯನ್ನು ತೆರುವವನು ಲೆಕ್ಕ ಮಾಡಿದವನಲ್ಲ. ಆ ಸೇತುವೆಯನ್ನು ದಾಟುವವನು, ಆ ವಿಮಾನವನ್ನು ಹತ್ತುವವನು.